ಚಿತ್ರನಗರಿ ಇರಲಿ, ಮೊದಲು ನೂರೈವತ್ತು ಕುರ್ಚಿ ಹಾಕಿ

ಗಾಂಧಿನಗರದ ಸಿನಿಮಾದವರ ಲೆಕ್ಕದಲ್ಲಿ ಚನ್ನಪಟ್ಟಣ ಬಿಕೆಟಿಯ ಗಡಿ. ಬೆಂಗಳೂರು, ಕೋಲಾರ, ತುಮಕೂರು ಸೇರಿದರೆ ಬಿಕೆಟಿ. ಮದ್ದೂರಿನಿಂದಾಚೆ ಮೈಸೂರು–ಮಂಡ್ಯ ಏರಿಯಾದ ಹಂಚಿಕೆದಾರರದ್ದು. ಈ ಗಡಿಯೊಳಗೆ ರಾಮನಗರ, ಕನಕಪುರ, ಮಾಗಡಿ ಎಂದು ಹಂಚಿಕೆದಾರರ ಪ್ರತಿನಿಧಿಯಾಗಿ ಅಲೆದವನು ನಾನು. ಶೋ ಶುರುವಾಗುವ ಮೊದಲು ಟಿಕೆಟ್ ಪುಸ್ತಕದ ನಂಬರ್ ಬರೆದುಕೊಳ್ಳಬೇಕು, ದೀಪ ಆರಿದ ಮೇಲೆ ಒಳಹೋಗಿ ತಲೆ ಎಣಿಸಬೇಕು, ರಾತ್ರಿ ದಿನದ ಗಳಿಕೆಯ ಲೆಕ್ಕಪಟ್ಟಿಗೆ, ಅಂದರೆ ಡಿಸಿಆರ್‌ಗೆ, ಮ್ಯಾನೇಜರ್ ಸಹಿ ಹಾಕಿಸಬೇಕು. ತಲೆಗೂ ಟಿಕೆಟ್ಟಿಗೂ ತಾಳೆಯಾಗದ ದಿನ ಮ್ಯಾನೇಜರ್ ಕೊಡಿಸುವ ಕಾಫಿಯ ರುಚಿಯೇ ಬೇರೆ!

ಅದಕ್ಕೇ, ಥಿಯೇಟರ್ ಮುಚ್ಚಿದ ಸುದ್ದಿ ಬಂದ ಕೂಡಲೇ ಮೊಬೈಲಿಗೂ ಓಟಿಟಿಗೂ ಶಾಪ ಹಾಕುವವರನ್ನು ಕಂಡರೆ ನನಗೆ ಸಿಟ್ಟು. ಡಿಸಿಆರ್ ನೋಡಿದವರು ಹಾಗೆ ಮಾತಾಡುವುದಿಲ್ಲ.

ಮುಚ್ಚುವುದು ನಮ್ಮಂಥ ಸಣ್ಣ ಊರಿನ ಥಿಯೇಟರ್ ಮಾತ್ರವಲ್ಲ. ಕೋರಮಂಗಲದ ಫೋರಂ ಮಾಲ್‌ನಲ್ಲಿ 2004ರಲ್ಲಿ ಪಿವಿಆರ್ ಒಂದೇ ಸೂರಿನಡಿ 11 ಪರದೆ ತೆರೆಯಿತು. ಮಾರತಹಳ್ಳಿಯ ಹೊರವರ್ತುಲ ರಸ್ತೆಯಲ್ಲಿ ಇನ್ನೋವೇಟಿವ್ ಮಲ್ಟಿಪ್ಲೆಕ್ಸ್ ಇತ್ತು; ಐಟಿ ಕಂಪನಿಗಳ ಹುಡುಗರು ಊರೊಳಗೆ ಬರದೆ ಅಲ್ಲೇ ಸಿನಿಮಾ ನೋಡಿದರು. ಈಗ ಅಲ್ಲಿ ಸಿನಿಮಾ ಇಲ್ಲ, ಬಸ್ ಸ್ಟಾಪಿಗೆ ಹೆಸರು ಮಾತ್ರ ಅಂಟಿಕೊಂಡಿದೆ. ಪಿವಿಆರ್ ಐನಾಕ್ಸ್‌ನಂಥ ದೊಡ್ಡ ಕಂಪನಿಯೇ 2023ರಲ್ಲಿ ನಷ್ಟದ 50 ಪರದೆ ಮುಚ್ಚುವುದಾಗಿ ಹೇಳಿತು. 1974ರಲ್ಲಿ ಶುರುವಾದ ಬೆಂಗಳೂರಿನ ಕಾವೇರಿ 2024ರಲ್ಲಿ ಬಾಗಿಲು ಹಾಕಿತು.

ನಮ್ಮ ಊರುಗಳಲ್ಲಿ ನಡೆದದ್ದು ಸರಳ ಲೆಕ್ಕ. ಇಲ್ಲಿ ಕನ್ನಡ ಸಿನಿಮಾ ಹಾಕಲು ನಿರ್ಮಾಪಕ ಥಿಯೇಟರಿಗೆ ವಾರದ ಬಾಡಿಗೆ ಕಟ್ಟಬೇಕು. ಜನ ಬಂದರೂ ಬಾಡಿಗೆ, ಬರದಿದ್ದರೂ ಬಾಡಿಗೆ. ಮಲ್ಟಿಪ್ಲೆಕ್ಸ್‌ನಲ್ಲಾದರೆ ಗಳಿಕೆಯಲ್ಲಿ ಪಾಲು. 2009ರಲ್ಲಿ ಹಿಂದಿ ನಿರ್ಮಾಪಕರು ಮುಷ್ಕರ ಹೂಡಿ ಮೊದಲ ವಾರ ಶೇ 50 ಎಂದು ಬರೆಸಿಕೊಂಡರು. ಹೊಸಬನೊಬ್ಬ ಸಾಲ ಮಾಡಿ ಸಿನಿಮಾ ತೆಗೆದರೆ ಕನಕಪುರಕ್ಕೆ ಬಾಡಿಗೆ ಕಟ್ಟಿ ಯಾಕೆ ಬರುತ್ತಾನೆ? ಇನ್ನು ಥಿಯೇಟರ್ ಮಾಲೀಕರ ಪಾಡು: ಎಂಟುನೂರು ಕುರ್ಚಿಯಲ್ಲಿ ನಲವತ್ತು ಜನ ಕೂತರೂ ಪ್ರೊಜೆಕ್ಟರ್, ಕರೆಂಟು, ಆಳಿನ ಖರ್ಚು ಅಷ್ಟೇ. ಕಲ್ಯಾಣಮಂಟಪ ಮಾಡಿದರೆ ಒಂದು ಮುಹೂರ್ತಕ್ಕೆ ಅದಕ್ಕಿಂತ ಹೆಚ್ಚು ಬರುತ್ತದೆ.

ಇದರ ಮೇಲೆ 2023ರ ಮಾರ್ಚ್‌ನಲ್ಲಿ ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾಯಿತು. ಕಾರಿದ್ದವರು ಸಂಜೆ ಹೊರಟು ಬೆಂಗಳೂರಿನ ಮಾಲ್‌ನಲ್ಲಿ ಸೆಕೆಂಡ್ ಶೋ ನೋಡಿ ಬರುತ್ತಾರೆ. ಬೈಕಿನ ಹುಡುಗರನ್ನು ಆ ರಸ್ತೆಗೆ ಬಿಡುವುದಿಲ್ಲ, ಅವರು ಸರ್ವೀಸ್ ರಸ್ತೆಯಲ್ಲಿ ಹೋಗಬೇಕು. ರೇಷ್ಮೆ ನೂಲು ತೆಗೆದು ದಣಿದ ಹೆಣ್ಣುಮಕ್ಕಳು ಎಲ್ಲಿಗೂ ಹೋಗುವುದಿಲ್ಲ. ನಮ್ಮ ಡಿಸಿಆರ್‌ನಲ್ಲಿ ಮ್ಯಾಟ್ನಿಯನ್ನು ಎತ್ತಿ ಹಿಡಿದವರು ಅವರೇ.

ನಮ್ಮ ಜಿಲ್ಲೆಯಲ್ಲಿ ಸಿನಿಮಾ ಅಂದ ಕೂಡಲೇ ರಾಜಕಾರಣಿಗಳ ಬಾಯಿಗೆ ಬರುವುದು ಚಿತ್ರನಗರಿ. 2018ರ ಬಜೆಟ್‌ನಲ್ಲಿ ಕುಮಾರಸ್ವಾಮಿಯವರು ರಾಮನಗರಕ್ಕೆ ಅಂದರು. 2020ರಲ್ಲಿ ಯಡಿಯೂರಪ್ಪನವರು ಬೆಂಗಳೂರಿಗೆ ಅಂದರು. 1975ರಲ್ಲಿ ತೆರೆಕಂಡ ‘ಶೋಲೆ’ಗೆ ರಾಮದೇವರ ಬೆಟ್ಟದ ಬಂಡೆಗಳೇ ಸಾಕಾಗಿದ್ದವು. ತೆಗೆಯಲು ನಮ್ಮಲ್ಲಿ ಜಾಗ ಉಂಟು, ತೆಗೆದದ್ದನ್ನು ಕೂತು ನೋಡಲು ಕುರ್ಚಿ ಬೇಕು.

ಟಿಕೆಟ್ ದರಕ್ಕೆ 200 ರೂಪಾಯಿ ಮಿತಿಯ ಗಲಾಟೆಯೂ ನಮ್ಮದಲ್ಲ. 2025ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಆದೇಶ ಮಾಡಿತು, ಅದೇ ತಿಂಗಳು ಹೈಕೋರ್ಟ್ ತಡೆಯಿತು. ನಮಗೆ ಉಪಯೋಗಕ್ಕೆ ಬರುವ ಬದಲಾವಣೆ ಅದೇ ತಿಂಗಳು ಸದ್ದಿಲ್ಲದೆ ಆಯಿತು: 100 ರೂಪಾಯಿವರೆಗಿನ ಟಿಕೆಟ್ಟಿಗೆ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು. ಅದನ್ನು ಹಿಡಿದುಕೊಂಡು ಸರ್ಕಾರ ಚನ್ನಪಟ್ಟಣ, ರಾಮನಗರ, ಕನಕಪುರ, ಮಾಗಡಿ ಈ ನಾಲ್ಕೂ ಊರುಗಳಲ್ಲಿ ಬಸ್ ಸ್ಟ್ಯಾಂಡಿಗೆ ನಡೆದು ಹೋಗುವಷ್ಟು ಹತ್ತಿರ, ನೂರೈವತ್ತು ಕುರ್ಚಿಯ ಎರಡೆರಡು ಪರದೆ ಹಾಕಲಿ. ಜಾಗ ನಗರಸಭೆ, ಪುರಸಭೆಯದ್ದು, ನಡೆಸುವುದು ಹಳೆಯ ಥಿಯೇಟರ್ ಮಾಲೀಕರು. ವಾರದ ಬಾಡಿಗೆ ಕೂಡದು, ನಿರ್ಮಾಪಕನಿಗೆ ಮೊದಲ ವಾರ ಅರ್ಧ ಪಾಲು. ಟಿಕೆಟ್ ಎಷ್ಟು ಹೋಯಿತು ಎಂದು ಕಂಪ್ಯೂಟರೇ ಹೇಳುತ್ತದೆ, ತಲೆ ಎಣಿಸಲು ನನ್ನಂಥವರೂ ಬೇಕಿಲ್ಲ. ಮಾಗಡಿಯಿಂದಲೇ ಶುರು ಮಾಡಲಿ. ಎಕ್ಸ್‌ಪ್ರೆಸ್‌ವೇಯೂ ಆ ಕಡೆ ಹೋಗಿಲ್ಲ.