ಅಮೆರಿಕ: ರೈಲು ಹೊಸದು, ಹಳಿ ಪರರದು

ಅಮೆರಿಕದ ಸರ್ಕಾರಿ ಸ್ವಾಮ್ಯದ ಆಮ್‌ಟ್ರಾಕ್ ಸಂಸ್ಥೆಯು ಗಂಟೆಗೆ 257 ಕಿ.ಮೀ. ವೇಗದ ನೂತನ ಅಸೆಲಾ ರೈಲನ್ನು 2025ರ ಆಗಸ್ಟ್‌ನಲ್ಲಿ ವಾಷಿಂಗ್ಟನ್-ಬಾಸ್ಟನ್ ಮಾರ್ಗದಲ್ಲಿ ಓಡಿಸಿತು. ಆದರೆ ಹಳೆಯ ಸೇತುವೆ, ಸುರಂಗ, ತಿರುವುಗಳಿಂದಾಗಿ ಆ ವೇಗ ಕೆಲವೆಡೆ ಮಾತ್ರ ಸಾಧ್ಯ.

ಉಳಿದೆಡೆ ಬಹುಪಾಲು ಹಳಿಗಳು ಖಾಸಗಿ ಸರಕು ಸಾಗಣೆ ಕಂಪನಿಗಳ ಸ್ವತ್ತು. ಪ್ರಯಾಣಿಕ ರೈಲಿಗೇ ಆದ್ಯತೆ ನೀಡಬೇಕೆಂಬ ಕಾನೂನು 1973ರಿಂದಲೂ ಇದೆ. ಆದರೆ ಅದನ್ನು ಮೀರಿದವರ ವಿರುದ್ಧ ದಾವೆ ಹೂಡುವ ಅಧಿಕಾರ ಆಮ್‌ಟ್ರಾಕ್‌ಗಿಲ್ಲ. ಅಟಾರ್ನಿ ಜನರಲ್‌ಗೆ ಮಾತ್ರ. ಹೀಗಾಗಿ ಸರಕು ರೈಲಿಗೆ ದಾರಿಬಿಟ್ಟು ಕಾಯುವುದು ತಪ್ಪಿಲ್ಲ.

ಹಣದ ಭರವಸೆಯೂ ಅಸ್ಥಿರ. 2021ರ ಕಾಯ್ದೆಯು ರೈಲ್ವೆಗೆ ನೀಡಿದ 6,600 ಕೋಟಿ ಡಾಲರ್ ಐದು ವರ್ಷಕ್ಕೆ ಸೀಮಿತ. ಕ್ಯಾಲಿಫೋರ್ನಿಯಾದ ಅತಿವೇಗದ ರೈಲು ಯೋಜನೆಯ ಸುಮಾರು 400 ಕೋಟಿ ಡಾಲರ್ ಅನುದಾನವನ್ನು ಟ್ರಂಪ್ ಸರ್ಕಾರ 2025ರಲ್ಲಿ ರದ್ದುಪಡಿಸಿತು.

ಪ್ರಯಾಣಿಕರ ಕೊರತೆಯಂತೂ ಇಲ್ಲ. 2024ರ ಹಣಕಾಸು ವರ್ಷದಲ್ಲಿ 3.28 ಕೋಟಿ ಜನ ಆಮ್‌ಟ್ರಾಕ್‌ನಲ್ಲಿ ಸಂಚರಿಸಿದ್ದು ಅದುವರೆಗಿನ ದಾಖಲೆ. ಹಳಿಯ ಮೇಲೆ ಹಕ್ಕು, ಸರ್ಕಾರ ಬದಲಾದರೂ ನಿಲ್ಲದ ಅನುದಾನ ಇವೆರಡೂ ದೊರೆಯದ ಹೊರತು ಹೊಸ ಬೋಗಿಗಳಿಂದಷ್ಟೇ ವೇಗ ಹೆಚ್ಚದು.