ಕಾಗದದೊಳಗಿನ ಕಲ್ಲು

ಗೃಹಸ್ಥರಾದ ವಾಚಕರೊಬ್ಬರು ನಮಗೆ ಪತ್ರವನ್ನು ಬರೆದು, ಸ್ವಲ್ಪ ಕೋಪದಿಂದಲೇ ಒಂದು ಪ್ರಶ್ನೆಯನ್ನು ಕೇಳಿರುವರು. ಮಕ್ಕಳು ಬರೆಯುವ ನೋಟುಪುಸ್ತಕಗಳ ಕಾಗದಕ್ಕೆ ಕಾರ್ಖಾನೆಯವರು ಸುಣ್ಣದ ಕಲ್ಲಿನ ಪುಡಿಯನ್ನು ಬೆರಸುವರೆಂದು ಅವರು ಯಾರಿಂದಲೋ ಕೇಳಿದರಂತೆ. ಅಕ್ಕಿಯಲ್ಲಿ ಕಲ್ಲು ಬೆರಸುವವನನ್ನು ಮೋಸಗಾರನೆನ್ನುವ ನಾವು, ಕಾಗದದಲ್ಲಿ ಬೆರಸುವವನ ವಿಷಯದಲ್ಲಿ ಸುಮ್ಮನಿರುವುದೇಕೆ ಎಂಬುದು ಅವರ ಆಕ್ಷೇಪ. ಪ್ರಶ್ನೆಯು ನ್ಯಾಯವಾದುದೇ. ಬೆರಸುವುದೂ ನಿಜ. ಆದರೆ ಅದು ಮೋಸವಲ್ಲ; ಅಷ್ಟೇ ಅಲ್ಲ, ಆ ಕಲ್ಲು ನೂರು ವರ್ಷ ಮೊದಲೇ ಕಾಗದದೊಳಕ್ಕೆ ಬಂದಿದ್ದರೆ ನಮ್ಮ ಮನೆಯಲ್ಲಿ ಒಂದು ನಷ್ಟವು ತಪ್ಪುತ್ತಿದ್ದಿತು. ಆ ಸಂಗತಿಯನ್ನು ಮುಂದೆ ಹೇಳುವೆವು.

ಕಾಗದವೆಂಬುದು ನಾರುಗಳ ಒಂದು ಬಲೆ. ನೀರಿನಲ್ಲಿ ಕದಡಿದ ಮರದ ನಾರನ್ನು ಜರಡಿಯ ಮೇಲೆ ಹರಿಯಬಿಟ್ಟು, ನೀರನ್ನು ಇಳಿಸಿ, ಒತ್ತಿ ಒಣಗಿಸಿದರೆ ಹಾಳೆಯಾಗುವುದು. ನಾರುಗಳ ನಡುವೆ ಕಿಂಡಿಗಳು ಉಳಿಯುವುವು. ಅವುಗಳ ಮೂಲಕ ಬೆಳಕು ಹಾಯುವುದರಿಂದ ಹಿಂದಿನ ಪುಟದ ಅಕ್ಷರಗಳು ಈ ಪುಟದಲ್ಲಿ ನೆರಳಿನಂತೆ ಕಾಣುವುವು, ಮೈಯೂ ಒರಟಾಗಿರುವುದು. ಕಿಂಡಿಗಳಲ್ಲಿ ನಯವಾದ ಬಿಳಿಯ ಪುಡಿಯನ್ನು ತುಂಬಿದರೆ ಬೆಳಕು ಚದರಿ ಹಿಂದಿರುಗುವುದು; ಹಾಳೆಯು ಬೆಳ್ಳಗಾಗಿ, ಅಚ್ಚಿನ ಮಸಿಯನ್ನು ಸಮನಾಗಿ ಹಿಡಿಯುವುದು. ನಾರಿಗಿಂತ ಕಲ್ಲು ಅಗ್ಗವೆಂಬುದನ್ನೂ ನಾವು ಮರೆಮಾಚುವುದಿಲ್ಲ. ಬರೆಯುವ ಮತ್ತು ಅಚ್ಚುಹಾಕುವ ಕಾಗದಗಳಲ್ಲಿ ಸಾಮಾನ್ಯವಾಗಿ ನೂರಕ್ಕೆ ೧೫ರಿಂದ ೨೫ ಭಾಗ ಇಂತಹ ಪುಡಿಯಿರುವುದುಂಟು. ನೂರಕ್ಕೆ ೨೦ರಂತೆ ಎಣಿಸಿದರೆ, ಅಂಗಡಿಯಲ್ಲಿ ಕೊಳ್ಳುವ ೫೦೦ ಹಾಳೆಗಳ ಒಂದು ಕಟ್ಟಿನಲ್ಲಿ ಸುಮಾರು ಅರ್ಧ ಕಿಲೋ ಕಲ್ಲಿದ್ದಂತಾಯಿತು! ಆದರೆ ಇದಕ್ಕೊಂದು ಮಿತಿಯುಂಟು. ನಾರು ನಾರನ್ನು ಹಿಡಿದುಕೊಳ್ಳುವುದರಿಂದಲೇ ಹಾಳೆಗೆ ಬಲ. ಪುಡಿಯು ಹೆಚ್ಚಾಗಿ ನಡುವೆ ಸೇರಿಕೊಂಡರೆ ಆ ಹಿಡಿತವು ಸಡಲಿ ಹಾಳೆಯು ಬೇಗ ಹರಿಯುವುದು, ಧೂಳನ್ನೂ ಉದುರಿಸುವುದು. ಅಂತಹ ಕಾಗದದ ಮೇಲೆ ನಮ್ಮ ಪತ್ರಲೇಖಕರು ಎಷ್ಟು ಕೋಪಿಸಿಕೊಂಡರೂ ನಮ್ಮ ಅಡ್ಡಿಯಿಲ್ಲ.

ಇಲ್ಲಿ ಸುಣ್ಣದ ಕಲ್ಲೆಂದರೆ ವೀಳೆಯಕ್ಕೆ ಹಚ್ಚುವ ಸುಣ್ಣವಲ್ಲ. ಅದು ಗೂಡಿನಲ್ಲಿ ಸುಟ್ಟು ನೀರೆರೆದ ವಸ್ತು, ನಾಲಗೆಯನ್ನು ಸುಡತಕ್ಕದ್ದು. ಇದು ಸುಡದೆಯೇ ಅರೆದ ಕಲ್ಲು. ಶಾಸ್ತ್ರಜ್ಞರು ಕ್ಯಾಲ್ಸಿಯಂ ಕಾರ್ಬೊನೇಟ್ ಎನ್ನುವರು. ಮಕರಾಣದ ಅಮೃತಶಿಲೆಯೂ ಈ ವಸ್ತುವೇ, ಕಡಲಿನ ಚಿಪ್ಪೂ ಇದೇ. ನಾವು ಬಹು ವರ್ಷ ಕೈಗೂ ಅಂಗಿಗೂ ಬಳಿದುಕೊಂಡ ಸೀಮೆಸುಣ್ಣವೂ ಮೂಲದಲ್ಲಿ ಇದೇ, ಈಗಿನ ಕಡ್ಡಿಗಳನ್ನು ಹೆಚ್ಚಾಗಿ ಜಿಪ್ಸಮ್ಮಿನಿಂದ ಮಾಡಿದರೂ. ಸಂಸ್ಕೃತದಲ್ಲಿ ‘ಸುಧಾ’ ಎಂಬ ಒಂದೇ ಶಬ್ದಕ್ಕೆ ಅಮೃತವೆಂದೂ ಸುಣ್ಣವೆಂದೂ ಎರಡರ್ಥಗಳಿರುವುವು. ಸುಧೆಯನ್ನು ಬಳಿದ ಮನೆಯೇ ಸೌಧ. (ಬೆಂಗಳೂರಿನ ವಿಧಾನಸೌಧವು ಬರಿಯ ಕಗ್ಗಲ್ಲಿನದಾದರೂ ಹೆಸರನ್ನು ಸುಣ್ಣದಿಂದಲೇ ಪಡೆದಿರುವುದು.) ಕಾಗದಕ್ಕಾಗಿ ಈ ಕಲ್ಲನ್ನು ನೀರಿನೊಡನೆ ಅರೆಯುವ ನಯವನ್ನು ಕೇಳಿದರೆ ನಮ್ಮ ರುಬ್ಬುವ ಕಲ್ಲು ನಾಚಬೇಕು: ಪುಡಿಯ ಬಹುಭಾಗವು ಒಂದು ಮಿಲಿಮೀಟರಿನ ಐದುನೂರರಲ್ಲಿ ಒಂದು ಭಾಗಕ್ಕಿಂತಲೂ ಸಣ್ಣದಾಗಿರುವುದು. ಅಷ್ಟು ಸಣ್ಣ ಪುಡಿಯು ಜರಡಿಯಿಂದ ನೀರಿನೊಡನೆ ಸೋರಿಹೋಗದಂತೆ ನಾರಿಗೆ ಹಿಡಿಸಲು ಪಿಷ್ಟವೇ ಮೊದಲಾದ ಸಹಾಯದ್ರವ್ಯಗಳು ಬೇಕಾಗುವುವು.

ಇಷ್ಟು ಸುಲಭವಾದ ಕಲ್ಲನ್ನು ನಮ್ಮ ತಾತಂದಿರ ಕಾಲದ ಕಾರ್ಖಾನೆಗಳು ಬರೆಯುವ ಕಾಗದಕ್ಕೆ ಏಕೆ ಬಳಸಲಿಲ್ಲ? ಕಾರಣವು ೧೮೦೭ರಷ್ಟು ಹಿಂದಿನದು. ಗಂಜಿಯಿಲ್ಲದ ಕಾಗದದ ಮೇಲೆ ಮಸಿಯು ಹರಡಿಹೋಗುವುದಷ್ಟೆ. ಜರ್ಮನಿಯ ಮೋರಿಟ್ಸ್ ಫ್ರೀಡ್ರಿಖ್ ಇಲ್ಲಿಗ್ ಎಂಬಾತನು ಆ ವರ್ಷ, ಮರದ ರಾಳವನ್ನು ಪಟಿಕದಿಂದ ನಾರಿಗೆ ಹಿಡಿಸಿ ಮಸಿಯನ್ನು ತಡೆಯುವ ಉಪಾಯವನ್ನು ಪ್ರಕಟಿಸಿದನು. ಉಪಾಯವು ಅಗ್ಗ, ಯಂತ್ರಕ್ಕೂ ಅನುಕೂಲ. ಬರಬರುತ್ತ ಲೋಕವೆಲ್ಲ ಅದನ್ನೇ ಹಿಡಿಯಿತು. ಆದರೆ ಪಟಿಕದಿಂದ ಕಾಗದದಲ್ಲಿ ಆಮ್ಲವು ನಿಲ್ಲುವುದು. ಆಮ್ಲವಿದ್ದಲ್ಲಿ ಸುಣ್ಣದ ಕಲ್ಲು ಬಾಳಲಾರದು. ಅಂಗಾರಾಮ್ಲವಾಯುವನ್ನು ಬಿಡುತ್ತ ಕರಗುವುದು, ಯಂತ್ರದ ತುಂಬ ನೊರೆಯೇಳುವುದು. ಆದಕಾರಣ ಕಾರ್ಖಾನೆಗಳು ಚೀನೀ ಜೇಡಿಯನ್ನೋ, ನಮ್ಮ ದೇಶದಲ್ಲಿ ಹೆಚ್ಚಾಗಿ ಬಳಪದ ಕಲ್ಲಿನ ಪುಡಿಯನ್ನೋ ತುಂಬಿದುವು. ಇವು ಆಮ್ಲಕ್ಕೆ ಅಂಜುವುದಿಲ್ಲ. ಅದನ್ನು ತಡೆಯುವುದೂ ಇಲ್ಲ.

ಉಳಿದ ಆಮ್ಲವು ಸುಮ್ಮನಿರುವುದೆ? ದಿನದಿನಕ್ಕೆ ನಾರನ್ನು ತುಂಡುಮಾಡುತ್ತ ಹೋಗುವುದು. ಅಮೆರಿಕದ ವಿಲಿಯಂ ಬ್ಯಾರೋ ಎಂಬವರು ೧೯೦೦ರಿಂದ ೧೯೪೯ರ ವರೆಗೆ ಅಚ್ಚಾದ ೫೦೦ ಪುಸ್ತಕಗಳ ಕಾಗದವನ್ನು ಪರೀಕ್ಷಿಸಿ, ಅವುಗಳಲ್ಲಿ ಬಹುತೇಕ ಎಲ್ಲವೂ ಇನ್ನೈವತ್ತು ವರ್ಷ ಸರಿಯಾಗಿ ಬಾಳಲಾರವೆಂದು ೧೯೫೯ರಲ್ಲಿ ಪ್ರಕಟಿಸಿದರು. ಹಳೆಯ ಚಿಂದಿಯ ಕಾಗದಗಳಲ್ಲಿ ಚೆನ್ನಾಗಿ ಉಳಿದವನ್ನು ನೋಡಿದಾಗ, ಅವುಗಳಲ್ಲಿ ಸುಣ್ಣದ ಅಂಶವಿರುವುದೂ ಅವರಿಗೆ ಕಂಡುಬಂದಿತು.

ನಮ್ಮ ನಷ್ಟವು ಇದೇ. ನಮಗೆ ಕಾವ್ಯಪಾಠವನ್ನು ಹೇಳಿದ ಗುರುಗಳು ೧೯೮೪ರಲ್ಲಿ ತಮ್ಮ ರಘುವಂಶದ ಪ್ರತಿಯನ್ನು ನಮ್ಮ ಕೈಯಲ್ಲಿಟ್ಟರು. ಅವರು ೧೯೩೮ರಲ್ಲಿ ಕೊಂಡದ್ದು. ಅಂಚುಗಳ ತುಂಬ ಸೀಸದ ಕಡ್ಡಿಯಿಂದ ಬರೆದ ಅವರ ಟಿಪ್ಪಣಿಗಳು. ಅಚ್ಚಾದ ಯಾವ ವ್ಯಾಖ್ಯಾನದಲ್ಲಿಯೂ ನಾವು ಕಾಣದ ಮಾತುಗಳು ಅವುಗಳಲ್ಲಿರುವುವು. ಈಗ ಹಾಳೆಯನ್ನು ತಿರುವಿದರೆ ಮೂಲೆಯು ಹಪ್ಪಳದಂತೆ ಮುರಿದು ಬೀಳುವುದು. ಅದೇ ಬೀರುವಿನಲ್ಲಿ ನಮ್ಮ ಮುತ್ತಜ್ಜನವರು ಕೈಕಾಗದದ ಮೇಲೆ ಬರೆದಿಟ್ಟ ಪ್ರಯೋಗದ ಪುಸ್ತಕವಿದೆ. ವಯಸ್ಸಿನಲ್ಲಿ ಬಹಳ ಹಿರಿದಾದರೂ ಬಟ್ಟೆಯಂತೆ ಮಡಿಸಬಹುದು. ನಾರನ್ನು ಸುಣ್ಣದ ನೀರಿನಲ್ಲಿ ನೆನಸಿ ಕುಟ್ಟಿ, ಹಿಟ್ಟಿನ ಗಂಜಿಯನ್ನು ಬಳಿದು, ನುಣುಪುಗಲ್ಲಿನಿಂದ ತೀಡುವುದು ಹಿಂದಿನವರ ಪದ್ಧತಿ. ಪಟಿಕದ ಹಾಳೆಗೂ ಸುಣ್ಣವನ್ನು ಉಣಿಸಿ ಆಮ್ಲವನ್ನು ನಿಲ್ಲಿಸುವ ಚಿಕಿತ್ಸೆಯುಂಟು. ಆದರೆ ಮುರಿದ ನಾರಿಗೆ ಹೋದ ಬಲವನ್ನು ಅದು ತಂದುಕೊಡಲಾರದು.

೧೯೫೦ರ ದಶಕದಲ್ಲಿ ಪಟಿಕದ ಹಂಗಿಲ್ಲದೆ ಮಸಿಯನ್ನು ತಡೆಯುವ ಹೊಸ ದ್ರವ್ಯಗಳು ಬಂದುವು. ಅವುಗಳಿಗೆ ಆಮ್ಲದ ನೀರು ಬೇಡ. ಆಗ ಸುಣ್ಣದ ಕಲ್ಲಿಗೆ ಬಾಗಿಲು ತೆರೆಯಿತು. ಮೊದಲು ಯೂರೋಪಿನಲ್ಲಿ, ಆಮೇಲೆ ಅಮೆರಿಕದಲ್ಲಿ, ಇನ್ನೂ ತಡವಾಗಿ ನಮ್ಮಲ್ಲಿ ಇದು ಹರಡಿತು. ಕಾರ್ಖಾನೆಯವರು ಇದನ್ನು ಹಿಡಿದದ್ದು ಪುಸ್ತಕಗಳ ಮೇಲಿನ ಕರುಣೆಗಿಂತ ಹೆಚ್ಚಾಗಿ ಬೆಲೆಗಾಗಿ ಮತ್ತು ಬಿಳುಪಿಗಾಗಿ ಎಂದು ನಮ್ಮ ಅಭಿಪ್ರಾಯ. ಹೇಗೂ ಇರಲಿ, ಹಾಳೆಯೊಳಗಿರುವ ಕಲ್ಲು ಮುಂದೆ ಹುಟ್ಟುವ ಆಮ್ಲವನ್ನೂ, ಗಾಳಿಯಿಂದ ಬರುವ ಆಮ್ಲವನ್ನೂ ತಾನು ಸವೆಯುತ್ತ ಅಡಗಿಸುವುದು. ೧೯೯೪ರಲ್ಲಿ ಹೊರಟ ಐಎಸ್‌ಒ ೯೭೦೬ ಎಂಬ ಅಂತರರಾಷ್ಟ್ರೀಯ ನಿಯಮವು, ಚಿರಕಾಲದ ಕಾಗದವೆನಿಸಿಕೊಳ್ಳಲು ನೂರಕ್ಕೆ ೨ ಭಾಗವಾದರೂ ಸುಣ್ಣದ ಕಲ್ಲಿಗೆ ಸಮನಾದ ಕ್ಷಾರಶಕ್ತಿಯು ಬೇಕೆಂದು ವಿಧಿಸಿರುವುದು. ವೃತ್ತದೊಳಗೆ ಮಲಗಿದ ಎಂಟರಂಥ ಗುರುತನ್ನು ಪುಸ್ತಕದಲ್ಲಿ ಕಂಡರೆ ಅದು ಇದರದೇ. ವೃತ್ತಪತ್ರಿಕೆಯ ಕಾಗದವು ಬಿಸಿಲಿಗೆ ಹಳದಿಯಾಗುವುದು ಬೇರೆ ರೋಗ, ಮರದ ಲಿಗ್ನಿನ್ನಿನಿಂದ ಬರತಕ್ಕದ್ದು. ಅದಕ್ಕೆ ಈ ಕಲ್ಲು ಮದ್ದಲ್ಲ.

ಪತ್ರಲೇಖಕರು ಮನೆಯಲ್ಲಿಯೇ ಪರೀಕ್ಷೆ ಮಾಡಬಹುದು. ಹಾಳೆಯೊಂದನ್ನು ಮಕ್ಕಳಿಂದ ದೂರವಾಗಿ ಕಬ್ಬಿಣದ ಬಾಣಲೆಯಲ್ಲಿ ಸುಟ್ಟು, ತಣಿದ ಬಿಳಿಯ ಬೂದಿಗೆ ನಿಂಬೆಯ ರಸವನ್ನು ಹಿಂಡಬೇಕು. ಸಣ್ಣ ಗುಳ್ಳೆಗಳೆದ್ದರೆ ಸುಣ್ಣದ ಕಲ್ಲು. ಬಳಪದ ಕಲ್ಲಾದರೆ ಗುಳ್ಳೆಯಿಲ್ಲ. ನಾವು ಎರಡು ಅಂಗಡಿಗಳ ನೋಟುಪುಸ್ತಕಗಳನ್ನು ತಂದು ಹೀಗೆ ನೋಡಿದೆವು. ಅಡಿಗೆಮನೆಯಲ್ಲಿ ನಿಂಬೆಹಣ್ಣಿನ ಲೆಕ್ಕವನ್ನು ಒಪ್ಪಿಸಬೇಕಾಯಿತು. ಒಂದರ ಬೂದಿಯು ಸುಮ್ಮನಿದ್ದಿತು, ಇನ್ನೊಂದರದು ನೊರೆಗೂಡಿತು. ನೊರೆಗೂಡಿದ ಪುಸ್ತಕದಲ್ಲಿ ಗುರುಗಳ ಟಿಪ್ಪಣಿಗಳನ್ನು ಪ್ರತಿಮಾಡುತ್ತಿರುವೆವು. ಈಗ ನಾಲ್ಕನೆಯ ಸರ್ಗ ನಡೆಯುತ್ತಿದೆ. ಆರನೆಯದರ ಅಂಚುಗಳಲ್ಲಿ ಅರ್ಧದಷ್ಟು ಅಕ್ಷರಗಳು ಆಗಲೇ ಉದುರಿಹೋಗಿರುವುವು.