ಗಾಜಿನೊಳಗೊಂದು ಮೆದು ಹವಳದ ತೋಟ

2024ರ ಎಪ್ರಿಲ್. ಎಸ್‌ಎಸ್‌ಎಲ್‌ಸಿ ಪರೀಕ್ಷೆ ಮುಗಿಸಿದ ಮಗ ನನ್ನ ಮುಂದೆ ಒಂದು ಬೇಡಿಕೆ ಇಟ್ಟ. ದುಬೈಯಲ್ಲಿರುವ ಅವನ ಮಾವನ ಮನೆಯಲ್ಲಿ ಕಡಲ ನೀರಿನ ಅಕ್ವೇರಿಯಂ ಇದೆ. ಅದರೊಳಗೆ ಹೂವಿನಂತೆ ಅರಳಿ ಮುದುಡುವ ಜೀವಿಗಳನ್ನು ಅವನು ವಿಡಿಯೋ ಕಾಲ್‌ನಲ್ಲಿ ನೋಡಿದ್ದ. "ಉಪ್ಪಾ, ನಮ್ಮ ಮನೆಯಲ್ಲೂ ಒಂದು ಇಡೋಣ. ಸಣ್ಣದು ಸಾಕು" ಎಂದ.

ನನಗೆ ಕೂಡಲೇ ನೆನಪಾದದ್ದು ಅವನು ಮೂರನೇ ತರಗತಿಯಲ್ಲಿದ್ದಾಗ ತಂದ ಎರಡು ಗೋಲ್ಡ್ ಫಿಶ್. ದುಂಡಗಿನ ಗಾಜಿನ ಬೋಗುಣಿ, ಫಿಲ್ಟರ್ ಇಲ್ಲ, ಬೆಳಿಗ್ಗೆ ಸಂಜೆ ಮುಷ್ಟಿ ತುಂಬಾ ಆಹಾರ. ಮೂರು ತಿಂಗಳೂ ಬದುಕಲಿಲ್ಲ. ಬೆಕ್ಕನ್ನು ಕಟ್ಟಿಹಾಕಿ, ಆಹಾರವನ್ನೂ ಕೊಡದೆ, ತಾನೇ ಹುಡುಕಿಕೊಳ್ಳಲೂ ಬಿಡದೆ ಸಾಯಿಸಿದ ಹೆಂಗಸಿನ ಹದೀಸನ್ನು ಮದ್ರಸದ ಮಕ್ಕಳಿಗೆ ಪ್ರತಿ ವರ್ಷ ಪಾಠ ಮಾಡುವವನು ನಾನು. ಆ ಮೀನುಗಳಿಗೆ ಹಸಿವಿರಲಿಲ್ಲ, ನಿಜ. ಅವು ಸತ್ತದ್ದು ತಮ್ಮದೇ ಕೊಳೆಯಲ್ಲಿ ಉಸಿರುಗಟ್ಟಿ. ಆದರೆ ಕೂಡಿಹಾಕಿದವರು ನಾವೇ ಅಲ್ಲವೇ?

ಹಾಗಾಗಿ ಮಗನಿಗೆ ಒಂದೇ ಷರತ್ತು ಹಾಕಿದೆ. ಮೊದಲು ಎರಡು ತಿಂಗಳು ಓದಬೇಕು, ಆಮೇಲೆ ಗಾಜು ಕೊಳ್ಳುವುದು. ಅವನ ಜೊತೆ ನಾನೂ ಓದಿದೆ. ಬಿ.ಎ.ಯಲ್ಲಿ ಇತಿಹಾಸ ಓದಿದವನಿಗೆ ನೈಟ್ರೈಟ್, ನೈಟ್ರೇಟ್ ಎಂಬ ಹೆಸರುಗಳು ಸ್ವಲ್ಪ ಕಷ್ಟವೇ ಆದವು.

ಹವಳವೆಂದರೆ ಗಿಡವಲ್ಲ, ಕಲ್ಲೂ ಅಲ್ಲ. ಅದು ಪ್ರಾಣಿ. ಬಾಯಿಯ ಸುತ್ತ ಕರಬಳ್ಳಿಗಳಿರುವ ಪುಟ್ಟ ಪುಟ್ಟ ಜೀವಿಗಳ ಒಕ್ಕೂಟ. ಅವುಗಳ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸಿಸುತ್ತದೆ. ಪಾಚಿಗೆ ಬೆಳಕು ಸಿಕ್ಕರೆ ಹವಳಕ್ಕೆ ಆಹಾರ. ಸುಣ್ಣದ ಗೂಡು ಕಟ್ಟಿ ದ್ವೀಪಗಳನ್ನೇ ಬೆಳೆಸುವವು ಕಲ್ಲು ಹವಳಗಳು. ಮೆದು ಹವಳಗಳಿಗೆ ಅಂಥ ಗೂಡಿಲ್ಲ. ತೊಗಲಿನಂತಿರುವ ಮೈಯೊಳಗೆ ಸುಣ್ಣದ ಸಣ್ಣ ಸಣ್ಣ ಚೂರುಗಳಿರುತ್ತವೆ, ಅಷ್ಟೆ. ಪ್ರತಿ ಜೀವಿಗೂ ಎಂಟೇ ಕರಬಳ್ಳಿಗಳು. ಕಲ್ಲು ಹವಳದಷ್ಟು ನಾಜೂಕು ಇವಕ್ಕಿಲ್ಲ. ನೀರಿಗೆ ಕ್ಯಾಲ್ಸಿಯಂ ಅಳೆದು ಅಳೆದು ಹಾಕಬೇಕಾಗಿಲ್ಲ. ಮನೆಯವರು ನಿಭಾಯಿಸಬಹುದಾದದ್ದು ಇವನ್ನು ಮಾತ್ರ. (ಸೂರಃ ಅರ್‍ರಹ್ಮಾನ್‌ನಲ್ಲಿ ಬರುವ 'ಮರ್ಜಾನ್' ಹವಳವೆಂದು ಹೇಳುವವರಿದ್ದಾರೆ, ಸಣ್ಣ ಮುತ್ತೆಂದು ಹೇಳಿದ ವ್ಯಾಖ್ಯಾನಕಾರರೂ ಇದ್ದಾರೆ. ಮಗ ಕೇಳಿದ್ದರಿಂದ ಎರಡನ್ನೂ ಹೇಳಿದೆ.)

ಓದುತ್ತಿದ್ದಾಗಲೇ ಒಂದು ಪರೀಕ್ಷೆ ಎದುರಾಯಿತು. ಬಂದರಿನಲ್ಲಿ ಪರಿಚಯವಿದ್ದ ಒಬ್ಬರು, "ದ್ವೀಪದ ಕಲ್ಲು ಬೇಕಾ ಉಸ್ತಾದರೇ? ಜೀವಂತ ಹವಳ ಅಂಟಿಕೊಂಡಿರುವುದೇ ತರಿಸಿ ಕೊಡುತ್ತೇನೆ, ದುಡ್ಡೂ ಬೇಡ" ಎಂದರು. ಮಂಗಳೂರಿಗೂ ಲಕ್ಷದ್ವೀಪಕ್ಕೂ ಹಳೆಯ ನಂಟು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು 1956ರ ವರೆಗೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. ಅವರ ತೆಂಗಿನ ನಾರು, ಕೊಬ್ಬರಿ ಬರುತ್ತಿದ್ದುದು ಇಲ್ಲಿಗೆ. ನನ್ನ ಜೊತೆ ದರ್ಸ್‌ನಲ್ಲಿ ಕಲಿತ ಅಮಿನಿಯ ಸ್ನೇಹಿತರೊಬ್ಬರಿದ್ದಾರೆ. ಖುಷಿಯಿಂದ ಅವರಿಗೆ ಫೋನು ಮಾಡಿ ವಿಷಯ ತಿಳಿಸಿದೆ. ಅವರು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಆಮೇಲೆ, "ಇಲ್ಲಿ ಈ ವರ್ಷ ಕಡಲು ಕುದಿಯುತ್ತಿದೆ. ಲಗೂನಿನೊಳಗೆ ಹವಳವೆಲ್ಲ ಬಿಳಿಚಿಕೊಂಡಿದೆ. ಉಳಿದದ್ದನ್ನು ನೀವು ಕಿತ್ತುಕೊಂಡು ಹೋಗುತ್ತೀರಾ?" ಎಂದು ಕೇಳಿದರು.

ಅವರು ಹೇಳಿದ್ದು ಉತ್ಪ್ರೇಕ್ಷೆಯಲ್ಲ. 1998, 2010, 2016 ಮತ್ತೆ 2024ರಲ್ಲಿ ಲಕ್ಷದ್ವೀಪದ ಹವಳಗಳು ಕಡಲಿನ ಬಿಸಿಗೆ ಬಿಳಿಚಿಕೊಂಡವು. ನೀರು ಅತಿಯಾಗಿ ಬಿಸಿಯಾದಾಗ ಹವಳವು ಒಳಗಿನ ಪಾಚಿಯನ್ನು ಹೊರಹಾಕುತ್ತದೆ. ಬಣ್ಣ ಹೋಗುತ್ತದೆ, ಜೊತೆಗೆ ಊಟವೂ ಹೋಗುತ್ತದೆ. ಬಿಸಿ ಬೇಗನೆ ಇಳಿಯದಿದ್ದರೆ ಹವಳ ಸಾಯುತ್ತದೆ. ಅಲ್ಲಿನವರಿಗೆ ಇದು ಬರೀ ಚೆಂದದ ಪ್ರಶ್ನೆಯಲ್ಲ. ದ್ವೀಪಗಳ ನೆಲ ಕಡಲ ಮಟ್ಟದಿಂದ ಕೆಲವೇ ಅಡಿ ಮೇಲಿದೆ, ಅಲೆಗಳನ್ನು ತಡೆಯುವ ಗೋಡೆಯೇ ಆ ಹವಳದ ದಿಬ್ಬ.

ಕಾನೂನೂ ಇದೆ. 2001ರಿಂದ ಕಲ್ಲು ಹವಳ, ಕಪ್ಪು ಹವಳ, ಬೆಂಕಿ ಹವಳ, ಕಡಲ ಬೀಸಣಿಗೆ ಇವೆಲ್ಲ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ, ಅಂದರೆ ಹುಲಿಯ ಜೊತೆಗೇ ಇವೆ. ಕಡಲ ಕುದುರೆಯೂ ಅಷ್ಟೆ. ಮೂರು ವರ್ಷಕ್ಕೆ ಕಡಿಮೆಯಿಲ್ಲದಂತೆ ಏಳು ವರ್ಷದವರೆಗೆ ಸಜೆಯಾಗಬಹುದು. ಸತ್ತ ಹವಳದ ತುಂಡನ್ನು ಶೋಕೇಸಿನಲ್ಲಿಡಲು ತರುವುದೂ ಸರಿಯಲ್ಲ. ಬಂದರಿನವರಿಗೆ ಬೇಡವೆಂದೆ. ಅವರಿಗೆ ಸ್ವಲ್ಪ ಬೇಸರವಾದಂತಿತ್ತು. ಅಂಗಡಿಯಲ್ಲಿ ಮೆದು ಹವಳ ಕೊಳ್ಳುವವರೂ ಅದು ಎಲ್ಲಿಂದ ಬಂತೆಂದು ಕೇಳಿ, ಬಿಲ್ಲು ಪಡೆಯಬೇಕು. ಸಂಶಯವಿದ್ದರೆ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಬೇಕು. ಎಲ್ಲಕ್ಕಿಂತ ಒಳ್ಳೆಯದು, ಬಹಳ ಕಾಲದಿಂದ ಸಾಕುತ್ತಿರುವ ಹವ್ಯಾಸಿಗಳಿಂದ ಒಂದು ತುಂಡು ಪಡೆಯುವುದು. ಮೆದು ಹವಳವನ್ನು ಕತ್ತರಿಸಿ ಕಲ್ಲಿಗೆ ಅಂಟಿಸಿದರೆ ದಾಸವಾಳದ ಗೆಲ್ಲಿನಂತೆ ಬೆಳೆಯುತ್ತದೆ. ನಮಗೆ ಸಿಕ್ಕಿದ್ದೂ ಹಾಗೆಯೇ.

ತೊಟ್ಟಿ ಎರಡು ಅಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರ. ತುಂಬಿದರೆ 56 ಲೀಟರ್. ಕಲ್ಲು ಮರಳು ಹಾಕಿ, ಮೇಲೆ ಸ್ವಲ್ಪ ಜಾಗ ಬಿಟ್ಟರೆ ನೀರು ಹಿಡಿಯುವುದು ಸುಮಾರು 45 ಲೀಟರ್. ಇದಕ್ಕಿಂತ ಸಣ್ಣದು ಬೇಡ. ಸಣ್ಣ ತೊಟ್ಟಿ ಸುಲಭವೆಂದು ಎಲ್ಲರೂ ಎಣಿಸುತ್ತಾರೆ, ವಾಸ್ತವ ತಿರುಗುಮುರುಗು. ನೀರು ಕಡಿಮೆಯಾದಷ್ಟೂ ಬಿಸಿ, ಉಪ್ಪು, ಕೊಳೆ ಎಲ್ಲವೂ ಬೇಗ ಏರುಪೇರಾಗುತ್ತವೆ. ಎಲ್ಲ ಸೇರಿ ಎಪ್ಪತ್ತು ಎಂಬತ್ತು ಕಿಲೋ ಭಾರವಾಗುವುದರಿಂದ ಟೀಪಾಯಿಯ ಮೇಲೆ ಇಡಬೇಡಿ. ಕಿಟಕಿಯ ಬಿಸಿಲೂ ಬೇಡ. ಒಟ್ಟು ಖರ್ಚು ಒಂದು ಒಳ್ಳೆಯ ಸ್ಮಾರ್ಟ್‌ಫೋನಿನಷ್ಟಾಯಿತು. ಮಗ ಆ ವರ್ಷ ಫೋನು ಕೇಳಲಿಲ್ಲ.

"ಕಡಲು ಇಲ್ಲೇ ಇದೆಯಲ್ಲ, ಎರಡು ಕ್ಯಾನು ನೀರು ತಂದರಾಯಿತು" ಎಂದು ನನ್ನ ಉಮ್ಮ ಹೇಳಿದರು. ನಮ್ಮ ದಡದ ನೀರು ಕಲಕು. ಮಳೆಗಾಲದಲ್ಲಿ ನೇತ್ರಾವತಿ, ಗುರುಪುರ ಹೊಳೆಗಳ ನೀರು ಸೇರಿ ಉಪ್ಪು ಇಳಿಯುತ್ತದೆ, ದೋಣಿಗಳ ಎಣ್ಣೆ ಬೇರೆ. ಹಾಗಾಗಿ ಅಕ್ವೇರಿಯಂಗೆಂದೇ ಸಿಗುವ ಕಡಲ ಉಪ್ಪನ್ನು ಶುದ್ಧ ನೀರಿಗೆ ಲೀಟರಿಗೆ ಸುಮಾರು 35 ಗ್ರಾಂನಂತೆ ಕರಗಿಸಬೇಕು. ಅಡುಗೆಯ ಉಪ್ಪು ಖಂಡಿತ ಆಗದು. ಮನೆಯ ಆರ್‌ಒ ಯಂತ್ರದ ನೀರು ಸಾಕಾಗುತ್ತದೆಯೇ ಎಂದರೆ, ಟಿಡಿಎಸ್ ಮೀಟರಿನಲ್ಲಿ ಅಳೆದು ನೋಡಿ. ಹಲವು ಯಂತ್ರಗಳು ರುಚಿಗಾಗಿ ಸ್ವಲ್ಪ ಹಸಿ ನೀರನ್ನು ಮತ್ತೆ ಬೆರೆಸುತ್ತವೆ. ಮೆಕ್ಯಾನಿಕ್ ಬಂದಾಗ ಆ ತಿರುಪನ್ನು ಮುಚ್ಚಿಸಿದರೆ ಅಂಕಿ ಇಳಿಯುತ್ತದೆ. ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಯಂತ್ರ ಹೊರಬಿಡುವ ನೀರು ನೆಲ ಒರೆಸಲು, ಪಾತ್ರೆ ತೊಳೆಯಲು ಆಗುತ್ತದೆ. ಇನ್ನೊಂದು ಮಾತು, ತಾಮ್ರದ ಹಂಡೆ, ಕೊಡಪಾನದ ನೀರು ಬೇಡ. ಹವಳಕ್ಕೆ ತಾಮ್ರ ವಿಷ. ಇದಕ್ಕೆಂದೇ ಒಂದು ಪ್ಲಾಸ್ಟಿಕ್ ಬಕೆಟ್ ಬೇರೆ ಇಡಿ, ಅದಕ್ಕೆ ಸಾಬೂನು ಮುಟ್ಟಿಸಬೇಡಿ.

ತಳಕ್ಕೆ ಸುಣ್ಣದ ಮರಳು. ಮೇಲೆ ಐದು ಕಿಲೋದಷ್ಟು ಅಕ್ವೇರಿಯಂಗಾಗಿಯೇ ತಯಾರಿಸಿದ, ತೂತುಗಳಿರುವ ಸೆರಾಮಿಕ್ ಕಲ್ಲು. ನೀರನ್ನು ಸದಾ ಓಡಾಡಿಸುವ ಒಂದು ಸಣ್ಣ ಪಂಪು, ಗಂಟೆಗೆ ಆರುನೂರು ಎಂಟುನೂರು ಲೀಟರಿನದು. ಗಾಜಿಗೆ ನೇತುಹಾಕುವ ಫಿಲ್ಟರ್. ಬಿಳಿ ಮತ್ತು ನೀಲಿ ಎಲ್‌ಇಡಿ ದೀಪ, ದಿನಕ್ಕೆ ಎಂಟು ಗಂಟೆ. ಇಷ್ಟೇ ಸಾಮಾನು.

ಆಮೇಲೆ ಕಾಯುವುದು. ಕೊಳೆಯುವ ಆಹಾರದಿಂದ ಅಮೋನಿಯ ಹುಟ್ಟುತ್ತದೆ. ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆಯದು ಅದನ್ನು ನೈಟ್ರೇಟ್ ಮಾಡುತ್ತದೆ. ಮೊದಲಿನ ಎರಡೂ ವಿಷ, ಕೊನೆಯದು ಅಷ್ಟು ಕೆಡುಕಲ್ಲ. ಈ ಬ್ಯಾಕ್ಟೀರಿಯಾ ಕಲ್ಲಿನ ತೂತುಗಳಲ್ಲಿ ನೆಲೆಸಲು ನಾಲ್ಕರಿಂದ ಆರು ವಾರ ಬೇಕು. ನಮ್ಮ ಗೋಲ್ಡ್ ಫಿಶ್ ಸತ್ತದ್ದು ಈ ಕಾಯುವಿಕೆ ಗೊತ್ತಿಲ್ಲದೆ. ಬರೀ ನೀರು ಕಲ್ಲು ತುಂಬಿದ ತೊಟ್ಟಿಯನ್ನು ನೆಂಟರು ಬಂದು ನೋಡಿ, "ಮೀನೆಲ್ಲಿ?" ಎಂದು ಕೇಳಿ ನಗುತ್ತಿದ್ದರು. ಆರನೇ ವಾರದಲ್ಲಿ ಅಮೋನಿಯ, ನೈಟ್ರೈಟ್ ಎರಡೂ ಸೊನ್ನೆ ತೋರಿಸಿದವು.

ಮೊದಲು ಬಂದದ್ದು ಎರಡು ಅಣಬೆ ಹವಳ. ಆಮೇಲೆ ಒಂದು ತೊಗಲು ಹವಳದ ತುಂಡು, ಕೊನೆಗೆ ಗುಂಡಿಯಂತೆ ಅರಳುವ ಹವಳದ ಒಂದು ಗುಂಪು. ಮೀನು ಒಂದೇ ಜೋಡಿ, ಕ್ಲೌನ್ ಫಿಶ್. ಇವನ್ನು ಕಡಲಿನಿಂದ ಹಿಡಿಯದೆ ತೊಟ್ಟಿಯಲ್ಲೇ ಮರಿಮಾಡಿಸುವ ವಿಧಾನವನ್ನು ನಮ್ಮ ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನಾ ಸಂಸ್ಥೆ ರೂಪಿಸಿದೆ. ಕೇಳಿ ಅಂಥದ್ದನ್ನೇ ಕೊಳ್ಳಿ. ಚೆನ್ನಾಗಿ ಸಾಕಿದರೆ ಹತ್ತು ವರ್ಷಕ್ಕೂ ಹೆಚ್ಚು ಬದುಕುತ್ತವೆ. ಹಾಗಾಗಿ ಕೊಳ್ಳುವ ಮೊದಲು, ಹತ್ತು ವರ್ಷ ನೋಡಿಕೊಳ್ಳುವವರು ಯಾರೆಂದು ಮನೆಯಲ್ಲಿ ಮಾತಾಡಿಕೊಳ್ಳಿ.

ನಮ್ಮ ತಪ್ಪುಗಳನ್ನೂ ಹೇಳಬೇಕು. ನೀರು ದಿನಕ್ಕೆ ಅರ್ಧ ಲೀಟರಿನಷ್ಟು ಆವಿಯಾಗುತ್ತಿತ್ತು. ಕಡಿಮೆಯಾದಷ್ಟು ಉಪ್ಪುನೀರನ್ನೇ ನಾನು ತುಂಬಿಸುತ್ತಿದ್ದೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಅಲ್ಲೇ ಉಳಿಯುತ್ತದೆ ಎಂಬುದು ಐದನೇ ತರಗತಿಯ ಪಾಠ! ಹತ್ತು ದಿನದಲ್ಲಿ ಉಪ್ಪು 35ರಿಂದ 39ಕ್ಕೆ ಏರಿತು. ಅಣಬೆ ಹವಳ ನಾಣ್ಯದಷ್ಟು ಕುಗ್ಗಿತು. ಒಮ್ಮೆಲೇ ಇಳಿಸಿದರೆ ಅದೂ ಆಘಾತವೆಂದು ನಾಲ್ಕೈದು ದಿನ ಸ್ವಲ್ಪ ಸ್ವಲ್ಪವೇ ಇಳಿಸಿದೆವು. ಈಗ ಗಾಜಿನ ಮೇಲೆ ಒಂದು ಗೆರೆ ಎಳೆದಿದ್ದೇವೆ. ಪ್ರತಿ ಬೆಳಿಗ್ಗೆ ಆ ಗೆರೆಯವರೆಗೆ ಸಿಹಿನೀರು. ವಾರಕ್ಕೊಮ್ಮೆ ಐದು ಲೀಟರ್ ಹಳೆಯ ನೀರು ತೆಗೆದು ಹೊಸ ಉಪ್ಪುನೀರು. ಫಿಲ್ಟರಿನಲ್ಲಿ ಒಂದು ಚೀಲ ಇದ್ದಿಲು, ತಿಂಗಳಿಗೊಮ್ಮೆ ಬದಲು. ತೊಗಲು ಹವಳ ಪಕ್ಕದವರನ್ನು ದೂರವಿಡಲು ನೀರಿಗೆ ರಾಸಾಯನಿಕ ಬಿಡುತ್ತದೆ, ಅದನ್ನು ಇದ್ದಿಲು ಹೀರುತ್ತದೆ.

ಆ ತೊಗಲು ಹವಳ ಒಂದು ದಿನ ಪೂರ್ತಿ ಮುದುಡಿಕೊಂಡು, ಮೇಲೆ ಮೇಣದಂಥ ಪೊರೆ ಕಟ್ಟಿತು. ಮಗ ಊಟ ಬಿಟ್ಟ. ಆರನೇ ದಿನ ಪೊರೆ ಕಳಚಿ ಮೊದಲಿಗಿಂತ ದೊಡ್ಡದಾಗಿ ಅರಳಿತು. ಆಗಾಗ ಪೊರೆ ಬಿಡುವುದು ಅದರ ಸ್ವಭಾವವಂತೆ.

ಎರಡನೆಯ ತಪ್ಪು ಜೀವಕ್ಕೇ ಎರವಾಗಬಹುದಿತ್ತು. ಗುಂಡಿ ಹವಳ ಹಬ್ಬಿ ಒಂದು ಕಲ್ಲನ್ನು ಪೂರ್ತಿ ಮುಚ್ಚಿತ್ತು. ಆ ಕಲ್ಲನ್ನು ಕುದಿಸಿ ತೊಳೆಯೋಣವೆಂದು ನಾನು ಹಳೆಯ ಪಾತ್ರೆಯೊಂದನ್ನು ಒಲೆಯ ಮೇಲಿಟ್ಟೆ. ಹೊರಗಿನಿಂದ ಬಂದ ಮಗ ಓಡಿ ಬಂದು ಗ್ಯಾಸ್ ಆರಿಸಿದ. ಈ ಜಾತಿಯ ಕೆಲವು ಹವಳಗಳಲ್ಲಿ ಪಾಲಿಟಾಕ್ಸಿನ್ ಎಂಬ ಘೋರ ವಿಷವಿದೆ. ಅದನ್ನು ಮೊದಲು ಬೇರ್ಪಡಿಸಿದ್ದು 1971ರಲ್ಲಿ ಹವಾಯಿಯಲ್ಲಿ. ಹಿಂದೆ ಅಲ್ಲಿನವರು ಈಟಿಯ ತುದಿಗೆ ಈ ಜೀವಿಯನ್ನೇ ಸವರುತ್ತಿದ್ದರಂತೆ. ಕುದಿಸಿದರೆ ಹಬೆಯ ಜೊತೆ ವಿಷ ಮೂಗಿಗೆ ಬರುತ್ತದೆ. 2018ರಲ್ಲಿ ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರ್‌ನಲ್ಲಿ ಒಬ್ಬರು ತೊಟ್ಟಿಯ ಹವಳವನ್ನು ತೆಗೆದು ಶುಚಿಗೊಳಿಸುವಾಗ ಅವರ ಮನೆಯವರು, ನೆರವಿಗೆ ಬಂದ ಅಗ್ನಿಶಾಮಕದವರು ಎಲ್ಲರೂ ಆಸ್ಪತ್ರೆ ಸೇರಬೇಕಾಯಿತು. ನಮ್ಮ ಅಡುಗೆಕೋಣೆಯಲ್ಲಿ ಆಗ ನನ್ನ ಮನೆಯಾಕೆ ಮತ್ತು ಕಿರಿಯ ಮಗಳಿದ್ದರು. ಈಗಲೂ ನೆನೆದರೆ ಮೈ ಜುಮ್ಮೆನ್ನುತ್ತದೆ. ಸಣ್ಣ ಮಕ್ಕಳಿರುವ ಮನೆಗೆ ನನ್ನ ಸಲಹೆ ಸರಳ: ಗುಂಡಿ ಹವಳ ಬೇಡವೇ ಬೇಡ. ಅಣಬೆ, ತೊಗಲು ಹವಳಗಳೇ ಸಾಕು. ಯಾವ ಕಲ್ಲನ್ನೂ ಕುದಿಸಬೇಡಿ, ಬಿಸಿನೀರು ಹಾಕಿ ಉಜ್ಜಬೇಡಿ. ನೀರಿಗೆ ಕೈ ಹಾಕುವಾಗ ಕೈಗವಸು ಇರಲಿ, ಕೈಯಲ್ಲಿ ಗಾಯವಿದ್ದರೆ ಆ ದಿನ ಮುಟ್ಟಬೇಡಿ. ನಮ್ಮ ಗುಂಡಿ ಹವಳವನ್ನು, ಅದರ ಸ್ವಭಾವ ಬಲ್ಲ ಹವ್ಯಾಸಿಗೇ ಮರಳಿಸಿದೆವು.

ಸೊಳ್ಳೆಗೆ ಹೊಡೆಯುವ ಸ್ಪ್ರೇಯೂ ಮೀನಿಗೆ ಮಾರಕ. ಆ ಕೋಣೆಯಲ್ಲಿ ಈಗ ಸೊಳ್ಳೆಪರದೆ. ಊದಿನ ಹೊಗೆಯನ್ನು ಉಮ್ಮ ತಮ್ಮ ಕೋಣೆಯಲ್ಲೇ ಹಾಕುತ್ತಾರೆ, ಸ್ವಲ್ಪ ಗೊಣಗಿಕೊಂಡು.

ನಮ್ಮ ಕರಾವಳಿಯಲ್ಲಿ ದೊಡ್ಡ ಕಷ್ಟವೆಂದರೆ ಸೆಕೆ ಮತ್ತು ಕರೆಂಟು. ನೀರು 25ರಿಂದ 27 ಡಿಗ್ರಿ ಇದ್ದರೆ ಉತ್ತಮ. ಎಪ್ರಿಲ್‌ನಲ್ಲಿ ನಮ್ಮಲ್ಲಿ ಅದು ಸುಲಭವಾಗಿ 30 ದಾಟುತ್ತದೆ. ನೀರಿನ ಮೇಲೆ ಬೀಸುವ ಸಣ್ಣ ಫ್ಯಾನ್ ಇಟ್ಟರೆ ಒಂದೆರಡು ಡಿಗ್ರಿ ಇಳಿಯುತ್ತದೆ, ಆದರೆ ಇಲ್ಲಿನ ಗಾಳಿಯಲ್ಲೇ ಪಸೆ ಇರುವುದರಿಂದ ಬೆಂಗಳೂರಿನಷ್ಟು ಫಲ ಸಿಗದು. ತಂಪುಮಾಡುವ ಯಂತ್ರ ದುಬಾರಿ. ನಿಮ್ಮ ಮನೆ ಹೆಂಚಿನದಾಗಿ ತಂಪಾಗಿಲ್ಲದಿದ್ದರೆ, ಎಸಿಯೂ ಇಲ್ಲದಿದ್ದರೆ, ಈ ಹವ್ಯಾಸಕ್ಕೆ ಇಳಿಯಬೇಡಿ ಎಂದೇ ನಾನು ಹೇಳುತ್ತೇನೆ. ಕರೆಂಟು ಹೋದರೆ ಪಂಪು ನಿಲ್ಲುತ್ತದೆ, ನೀರಿನ ಆಮ್ಲಜನಕ ಇಳಿಯುತ್ತದೆ. ಜುಲೈಯ ಒಂದು ರಾತ್ರಿ ಮರ ಬಿದ್ದು ಹನ್ನೊಂದು ಗಂಟೆ ಕರೆಂಟಿರಲಿಲ್ಲ. ಬ್ಯಾಟರಿಯ ಗಾಳಿ ಪಂಪು ಇನ್ನೂ ಕೊಂಡಿರಲಿಲ್ಲ. ನಾನು, ಮಗ, ಮನೆಯಾಕೆ ಸರದಿಯಂತೆ ಲೋಟದಲ್ಲಿ ನೀರೆತ್ತಿ ಮತ್ತೆ ಎತ್ತರದಿಂದ ಸುರಿಯುತ್ತಾ ಸುಬಹಿಯವರೆಗೆ ಕುಳಿತೆವು. ಮೀನುಗಳೆರಡೂ ಉಳಿದವು.

ಕಳೆದ ತಿಂಗಳು ಅಮಿನಿಯ ಸ್ನೇಹಿತರು ಮಂಗಳೂರಿಗೆ ಬಂದವರು ನಮ್ಮ ಮನೆಗೂ ಬಂದರು. ತೊಟ್ಟಿಯ ಮುಂದೆ ಕುರ್ಚಿ ಹಾಕಿ ಬಹಳ ಹೊತ್ತು ಕುಳಿತರು. ಕಲ್ಲನ್ನು ಬೊಟ್ಟು ಮಾಡಿ, "ಇದು ನಮ್ಮದಲ್ಲವಲ್ಲ?" ಎಂದು ಕೇಳಿದರು. ಅಲ್ಲ, ಸೆರಾಮಿಕ್ ಎಂದೆ. ಆಮೇಲೆ ಚಹಾ ಕುಡಿದರು.

ಮಗ ಪಿಯುಸಿ ಮುಗಿಸಿ ಬೆಂಗಳೂರಿನ ಹಾಸ್ಟೆಲಿಗೆ ಹೊರಡುತ್ತಿದ್ದಾನೆ. ಗೆರೆಯವರೆಗೆ ಸಿಹಿನೀರು ತುಂಬಿಸುವುದನ್ನು ಈ ವಾರ ತಂಗಿಗೆ ಕಲಿಸುತ್ತಿದ್ದಾನೆ. ಅವಳಿಗೆ ಕೈ ಎಟುಕುವುದಿಲ್ಲ, ಒಂದು ಸ್ಟೂಲು ಮಾಡಿಸಬೇಕು.